ಪೆನ್ರಿ ಸಾಹೇಬರ ಹನ್ನೊಂದು ಪುಟ

ಹೊಸಪೇಟೆಯಲ್ಲಿ ನನ್ನನ್ನು ಮೈಕ್ ಹುಲುಗೇಶ ಎಂದರೇ ಜನಕ್ಕೆ ಗುರುತು. ಆಟೋದ ತಲೆಯ ಮೇಲೆ ಎರಡು ಹಾರ್ನ್ ಕಟ್ಟಿಕೊಂಡು, ಸೀರೆ ಅಂಗಡಿಯ ರಿಯಾಯಿತಿಯಿಂದ ಹಿಡಿದು ಕಳೆದುಹೋದ ಮಗುವಿನವರೆಗೆ ಎಲ್ಲವನ್ನೂ ಇಪ್ಪತ್ತಾರು ವರ್ಷ ಬೀದಿ ಬೀದಿ ಕೂಗಿದವನು ನಾನು. ಹಾಗಾಗಿ ಗಂಗೋತ್ರಿ ಫೋನ್ ಮಾಡಿ, "ಹುಲುಗೇಶಣ್ಣ, ಮೂರು ದಿನ ಸದ್ದು ನಿಲ್ಲಸೋ ಕೆಲಸ ಐತಿ, ಬರ್ತೀಯೇನು?" ಎಂದಾಗ ನನಗೆ ನಗು ತಡೆಯಲಾಗಲಿಲ್ಲ.

ಗಂಗೋತ್ರಿ ದೋಣಿಮಲೈ ಗಣಿಯ ಕ್ವಾರ್ಟರ್ಸ್‌ನಲ್ಲಿ ಬೆಳೆದ ಹುಡುಗಿ. ಈಗ ಸಿನಿಮಾದವರಿಗೆ ಧ್ವನಿ ರೆಕಾರ್ಡ್ ಮಾಡುತ್ತಾಳೆ. ಲಂಡನ್ ಕಂಪನಿಯೊಂದು ನಮ್ಮ ಕಡೆಯ ಕಲ್ಲುಗಳ ಬಗ್ಗೆ, ಹಂಪಿಯ ಬಂಡೆ, ಸಂಡೂರಿನ ಕೆಂಪು ಗುಡ್ಡ, ಹೊಳೆ ಇವುಗಳ ಬಗ್ಗೆ ಒಂದು ಚಿತ್ರ ತೆಗೆದಿತ್ತು. ಶೂಟಿಂಗ್ ಮುಗಿದಿತ್ತು. ಚಿತ್ರದುದ್ದಕ್ಕೂ ಹಿಂದಿನಿಂದ ಕೇಳಬೇಕಾದ ಮಾತು ಹನ್ನೊಂದು ಪುಟ ಉಳಿದಿತ್ತು. ಅದನ್ನು ಈ ನೆಲದಲ್ಲೇ ಓದುತ್ತೇನೆಂದು ಹಟ ಹಿಡಿದು ಬಂದವರೇ ಡೆನಿಸ್ ಪೆನ್ರಿ ಸಾಹೇಬರು. ಎಪ್ಪತ್ತನಾಲ್ಕು ವರ್ಷ. ಉದ್ದಕ್ಕೆ, ತೆಳ್ಳಗೆ, ಕೊಡೆಯ ಕಡ್ಡಿಯ ಹಾಗೆ ಇದ್ದರು.

ನಾನು ದನಿಯ ಹುಚ್ಚ. ಪರಿಚಯದವರ ಮುಖ ಮರೆತೇನು, ದನಿ ಮರೆಯುವವನಲ್ಲ. ದೊಡ್ಡ ದನಿಯ ಕಲಾವಿದರನ್ನು ಕಂಪನಿಯ ಬಾಡಿಗೆ ಕಾರಿನಲ್ಲಿ ಕೂರಿಸಿಕೊಂಡು ತಿರುಗುವ ಭಾಗ್ಯ ಬಂತಲ್ಲ ಎಂದು ಹಿಗ್ಗಿದೆ. ಆದರೆ ಸಾಹೇಬರು ಬಾಯಿ ಬಿಡಲಿಲ್ಲ. ನಮಸ್ಕಾರಕ್ಕೂ ಇಲ್ಲ. ಕೈಯಲ್ಲೊಂದು ಪುಟ್ಟ ನೋಟ್‌ಬುಕ್, ಅದರಲ್ಲಿ ಬರೆದು ತೋರಿಸುತ್ತಿದ್ದರು.

"ಗಂಟಲಾಗ ಗಂಟು ಆಗೇತಣ್ಣ," ಗಂಗೋತ್ರಿ ಹೇಳಿದಳು. "ಮುಂದಿನ ವಾರ ಲಂಡನ್‌ನಾಗ ಆಪರೇಷನ್. ಆಮ್ಯಾಲ ದನಿ ಉಳಿದರ ಉಳೀತು, ಇಲ್ಲಂದ್ರ ಇಲ್ಲ. ಡಾಕ್ಟರು ದಿನಕ್ಕ ಒಂದು ತಾಸು ಮಾತ್ರ ಮಾತಾಡ್ರಿ ಅಂದಾರ. ಕಂಪನಿಯವರು ಇವರ ಹಳೇ ರೆಕಾರ್ಡಿಂಗ್ ಎಲ್ಲಾ ಕೂಡಿಸಿ ಕಂಪ್ಯೂಟರ್‌ನಾಗ ಇವರದೇ ದನಿ ಮಾಡಿಸಿ ಇಟ್ಟಾರ. ಶುಕ್ರವಾರ ಸಂಜಿ ಆರರೊಳಗ ನಾವು ಕಳಿಸಿದ್ರ ಸರಿ, ಇಲ್ಲಾಂದ್ರ ಅದನ್ನ ಹಾಕ್ತಾರ."

"ದನಿ ಇವರದಽ ಇದ್ರ ಮತ್ತೇನು ಫರಕ್?" ಎಂದು ಕೇಳಿಬಿಟ್ಟೆ.

ಸಾಹೇಬರಿಗೆ ಅವಳು ಇಂಗ್ಲಿಷಿನಲ್ಲಿ ಹೇಳಿದಳು. ಅವರು ಬರೆದರು. ಅವಳು ಓದಿದಳು: "ಆ ದನಿ ಈ ಬಂಡೆಗಳನ್ನು ನೋಡಿಲ್ಲ."

ಎರಡು ದಿನ ನಾವು ಸದ್ದಿಲ್ಲದ ಜಾಗ ಹುಡುಕಿದೆವು. ಲಾಡ್ಜ್‌ನಲ್ಲಿ ಕೂತರೆ ಎದುರಿನ ಛತ್ರದಲ್ಲಿ ಬ್ಯಾಂಡ್. ಹಂಪಿ ಬಜಾರಿನ ಕಲ್ಲು ಮಂಟಪಕ್ಕೆ ಬೆಳಗಿನ ಐದಕ್ಕೇ ಹೋದೆವು. ಅಷ್ಟೊತ್ತಿಗಾಗಲೇ ಕೋತಿಗಳ ಜಗಳ, ಪ್ರವಾಸಿಗಳ ಬಸ್ಸು, ಗುಡಿಯ ಗಂಟೆ. ದೋಣಿಮಲೈಯಲ್ಲಿ ಗಂಗೋತ್ರಿಯ ತಂದೆಯ ಕ್ವಾರ್ಟರ್ಸ್‌ನ ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿದೆವು. ಆದರೂ ಅದಿರಿನ ಲಾರಿ ಗೇರು ಬದಲಿಸುವ ಸದ್ದು ನೆಲದೊಳಗಿಂದಲೇ ಬರುತ್ತಿತ್ತು. "ಈ ಸದ್ದಿನಾಗಽ ನಾ ಹತ್ತು ವರ್ಷ ಮಲಗೇನಿ, ಒಂದಿನಾನೂ ಕೇಳಿಸಿರಲಿಲ್ಲ," ಎಂದು ಅವಳು ತಲೆಯ ಮೇಲೆ ಕೈ ಹೊತ್ತಳು.

ಆ ಸುತ್ತಾಟದಲ್ಲೇ ಸಾಹೇಬರ ಕತೆ ಚೀಟಿ ಚೀಟಿಯಾಗಿ ನನಗೆ ದಕ್ಕಿದ್ದು. ಹರೆಯದಲ್ಲಿ ನಾಟಕ ಕಂಪನಿ. ಆಮೇಲೆ ಟೀವಿ. ಅಲ್ಲಿ ಅಂಚೆಯವನು, ಮೂರನೇ ಪೊಲೀಸು, ಕತೆ ಶುರುವಾಗಿ ಹತ್ತು ನಿಮಿಷಕ್ಕೆ ಕೊಲೆಯಾಗುವವನು. "ಹದಿನೇಳು ಸಲ ಹೆಣ ಆಗಿದ್ದೇನೆ" ಎಂದು ಬರೆದಿದ್ದರು. ಒಂದು ಧಾರಾವಾಹಿಯಲ್ಲಿ ಆರು ವರ್ಷ ಡಾಕ್ಟರಾಗಿದ್ದಾಗ ಬೀದಿಯಲ್ಲಿ ಜನ ನಿಲ್ಲಿಸಿ ತಮ್ಮ ಮೊಣಕಾಲು ನೋವು ಹೇಳಿಕೊಳ್ಳುತ್ತಿದ್ದರಂತೆ. ಮುಖಕ್ಕೆ ವಯಸ್ಸಾದ ಮೇಲೆ ದನಿಯೊಂದೇ ಉಳಿಯಿತು. ಮಕ್ಕಳ ಕಾರ್ಟೂನಿನಲ್ಲಿ ಇಪ್ಪತ್ತೆರಡು ವರ್ಷ ಒಂದು ಮುಳ್ಳುಹಂದಿ. ಯಾವುದೋ ದೊಡ್ಡ ಅಂಗಡಿಯ ಲಿಫ್ಟಿನಲ್ಲಿ "ಬಾಗಿಲು ಮುಚ್ಚುತ್ತಿದೆ" ಎನ್ನುವವರು ಇವರೇ. ಕಂಪ್ಯೂಟರ್ ಆಟಗಳಲ್ಲಿ ಬೀಳುವವರ ಕೂಗೂ ಇವರದೇ. ಕುರ್ಚಿಯಿಂದ ಬಿದ್ದರೆ ಒಂದು ಕೂಗು, ಮಾಳಿಗೆಯಿಂದ ಬಿದ್ದರೆ ಇನ್ನೊಂದು, ಬೆಟ್ಟದಿಂದ ಬಿದ್ದರೆ ಮತ್ತೊಂದು.

ಗಂಗೋತ್ರಿ ಒಂದೊಂದು ಚೀಟಿ ಓದಿ ಹೇಳಿದಾಗಲೂ ನಾನು ಕನ್ನಡಿಯಲ್ಲಿ ಹಿಂದಕ್ಕೆ ನೋಡುತ್ತಿದ್ದೆ. ಇಷ್ಟೆಲ್ಲ ಜನ ಒಂದು ಗಂಟಲಲ್ಲಿದ್ದಾರೆ, ಹಿಂದಿನ ಸೀಟಿನಲ್ಲಿ ಕೂತಿದ್ದಾರೆ, ನನ್ನ ಕಿವಿಗೆ ಒಂದು ಅಕ್ಷರ ಬಿದ್ದಿಲ್ಲ!

ಗುರುವಾರ ರಾತ್ರಿ ಊಟಕ್ಕೆ ಕೂತಾಗ ಕಂಪ್ಲಿಯ ಚನ್ನಯ್ಯನವರ ಅಕ್ಕಿ ಗಿರಣಿ ನೆನಪಾಯಿತು. ಅವರ ಮನೆಯ ಮದುವೆಗೆ ಮೈಕ್ ಹಾಕಲು ಹೋದಾಗ ಗೋದಾಮಿನಲ್ಲಿ "ಹಲೋ ಹಲೋ" ಅಂದಿದ್ದೆ. ನನ್ನ ದನಿ ಭತ್ತದ ಮೂಟೆಗಳಲ್ಲಿ ಇಂಗಿಹೋಗಿತ್ತು. ಛಾವಣಿಯವರೆಗೆ ಮೂಟೆ, ನಾಲ್ಕೂ ಕಡೆ. ಕೂಗುವವನಿಗೆ ಅಂಥ ದರಿದ್ರ ಜಾಗ ಇನ್ನೊಂದಿಲ್ಲ ಎಂದು ಬೈದುಕೊಂಡಿದ್ದೆ. ಹೇಳಿದರೆ ಗಂಗೋತ್ರಿ ಎದ್ದು ನಿಂತಳು. "ಅಣ್ಣ, ಅದು ಸ್ಟುಡಿಯೋ ಅಲ್ಲೇನೋ!" ಶುಕ್ರವಾರ ಕಂಪ್ಲಿಯಲ್ಲಿ ಲೈನ್ ರಿಪೇರಿಗೆಂದು ದಿನವಿಡೀ ಕರೆಂಟ್ ಇರಲಿಲ್ಲ. ಗಿರಣಿ ಬಂದ್. ಇನ್ನೇನು ಬೇಕು?

ಚನ್ನಯ್ಯನವರಿಗೆ ಫೋನ್ ಮಾಡಿದವನು ನಾನು. ತಪ್ಪು ಆದದ್ದೂ ಅಲ್ಲೇ. ಗೋದಾಮು ಬೇಕು ಎಂದಷ್ಟೇ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಕೂಗಿ ಹೇಳುವ ಬಾಯಿ ಸುಮ್ಮನಿರುತ್ತದೆಯೇ? "ಲಂಡನ್ನಿನ ಭಾಳ ದೊಡ್ಡ ಕಲಾವಿದ್ರು ರೀ ಗೌಡ್ರ, ಅರ್ಧ ಶತಮಾನದ ದನಿ, ನಿಮ್ಮ ಗಿರಣಿಗೆ ಪಾದ ಇಡಾಕ ಬರಾಕತ್ಯಾರ!" ಅಂದೆ. ಮಾತಾಡಬಾರದು ಎಂಬುದೊಂದನ್ನೇ ಹೇಳಲು ಮರೆತೆ.

ಬೆಳಿಗ್ಗೆ ಹನ್ನೊಂದಕ್ಕೆ ಗಿರಣಿಯ ಗೇಟು ಹೊಕ್ಕವನೇ ಗಕ್ಕನೆ ಬ್ರೇಕ್ ಒತ್ತಿದೆ. ಅಂಗಳದಲ್ಲಿ ಶಾಮಿಯಾನ. ಮೇಜಿನ ಮೇಲೆ ಶಾಲು, ಪೇಟ, ಹಣ್ಣಿನ ಬುಟ್ಟಿ. ಬ್ಯಾಟರಿಗೆ ಸಿಕ್ಕಿಸಿದ ಮೈಕು. ಎದುರಿಗೆ ಚೀಲ ಹೊಲಿಯುವ, ಭತ್ತ ತೂರುವ ಇಪ್ಪತ್ತು ಹೆಂಗಸರು ತಾಡಪತ್ರಿಯ ಮೇಲೆ ಕೂತಿದ್ದಾರೆ.

"ಹುಲುಗೇಶಣ್ಣ, ಏನು ಮಾಡಿದ್ಯೋ!" ಗಂಗೋತ್ರಿ ಹಲ್ಲು ಕಚ್ಚಿ ಹೇಳಿದಳು.

ಶಾಲು ಹೊದಿಸಿದರು. ಪೇಟ ಇಟ್ಟರು. ಚನ್ನಯ್ಯನವರು ಮೈಕ್ ಮುಂದಿಟ್ಟು, "ಸಾಹೇಬ್ರು ಈಗ ಎರಡು ಮಾತಾಡ್ತಾರ" ಎಂದರು. ನಮ್ಮಲ್ಲಿ ಸನ್ಮಾನ ಮಾಡಿಸಿಕೊಂಡವರು ಎರಡು ಮಾತಾಡದೆ ಕೂತರೆ ಮನೆಯವರ ಮುಖಕ್ಕೆ ಹೊಡೆದ ಹಾಗೆ. ಗಂಗೋತ್ರಿ ಚನ್ನಯ್ಯನವರ ಕಿವಿಯಲ್ಲಿ ಗಂಟಲಿನ ವಿಷಯ ಹೇಳಲು ಹೋದಳು. ಅಷ್ಟರಲ್ಲಿ ಮುಂದಿನ ಸಾಲಿನ ಜಂಬವ್ವ, ಗಿರಣಿಯಲ್ಲಿ ಮೂವತ್ತು ವರ್ಷದಿಂದ ಚೀಲ ಹೊಲಿಯುವ ಹೆಂಗಸು, ಎಲ್ಲರಿಗೂ ಕೇಳುವಂತೆ, "ಅಯ್ಯ ಪಾಪ, ಅಜ್ಜ ಮೂಗ ಅದಾನೇನ ಯವ್ವಾ? ಮೂಗಗ ಯಾಕ ಮೈಕ್ ಕೊಟ್ರಿ?" ಅಂದಳು.

ಎಲ್ಲರೂ ನಕ್ಕರು. ಏನೆಂದಳು ಎಂದು ಸಾಹೇಬರು ಕಣ್ಣಲ್ಲೇ ಕೇಳಿದರು. ಗಂಗೋತ್ರಿ ಅನುಮಾನಿಸುತ್ತ ಹೇಳಿದಳು. ಅವರ ಹೆಗಲು ಕುಣಿಯಿತು, ಸದ್ದಿಲ್ಲದೆ ನಗುತ್ತಿದ್ದರು. ಪೇಟ ತೆಗೆದು ಮೇಜಿನ ಮೇಲಿಟ್ಟರು. ಮೈಕನ್ನು ಪಕ್ಕಕ್ಕೆ ಸರಿಸಿದರು.

ಮೊದಲು ಬಂದದ್ದು ಮುಳ್ಳುಹಂದಿ. ಮೂಗಿನಿಂದ ಗುರುಗುಟ್ಟುವ, ಹೆದರುಪುಕ್ಕಲ, ಆದರೂ ಜಂಬದ ಒಂದು ಪುಟ್ಟ ಜೀವ. ಇಂಗ್ಲಿಷ್ ಯಾರಿಗೆ ಬೇಕಿತ್ತು? ಆಮೇಲೆ ಲಿಫ್ಟಿನ ಬಾಗಿಲು. ಆಮೇಲೆ ಕುರ್ಚಿಯಿಂದ ಬಿದ್ದರು, ಮಾಳಿಗೆಯಿಂದ ಬಿದ್ದರು. ಬೆಟ್ಟದಿಂದ ಬಿದ್ದಾಗ ಆ ಕೂಗು ದೂರ, ದೂರ, ಇನ್ನೂ ದೂರ ಇಳಿಯುತ್ತ ಹೋಯಿತು. ಮನುಷ್ಯ ನಿಂತಲ್ಲೇ ನಿಂತಿದ್ದಾರೆ, ನಾವೆಲ್ಲ ಬಗ್ಗಿ ನೆಲ ನೋಡಿದೆವು!

"ಎಮ್ಮಿ ಹಂಗ ಒದರಾಕ ಬರ್ತೈತೇನು ಕೇಳ್ರಿ," ಎಂದಳು ಜಂಬವ್ವ.

ಸಾಹೇಬರು ಅವಳ ಕಡೆ ಕೈ ತೋರಿಸಿದರು: ನೀನು ಮಾಡು.

ಅವಳು ಸೆರಗು ಸರಿಮಾಡಿಕೊಂಡು, ದಿನಾ ಸಂಜೆ ತನ್ನ ಎಮ್ಮೆಯನ್ನು ಕರೆಯುವ ಹಾಗೆ ಕರೆದಳು. "ಏ ಗೌರೀ... ಬಾರಽ ಬಾ, ಬಾ ನನ ತಾಯಿ..."

ಸಾಹೇಬರು ಕಣ್ಣು ಮುಚ್ಚಿದರು. ಎರಡು ಉಸಿರು ತೆಗೆದುಕೊಂಡರು. ಆಮೇಲೆ ಅವರ ಬಾಯಿಂದ ಜಂಬವ್ವ ಬಂದಳು. ಅಣಕವಲ್ಲ. ಅವಳ ಎಲೆ ಅಡಿಕೆ, ಅವಳ ಮೂವತ್ತು ವರ್ಷದ ಭತ್ತದ ಧೂಳು, "ತಾಯಿ" ಅನ್ನುವಾಗ ಅವಳ ದನಿ ಸ್ವಲ್ಪ ಒಡೆಯುವುದು, ಎಲ್ಲವೂ. ಯಾರೂ ನಗಲಿಲ್ಲ. ಜಂಬವ್ವ ಬಾಯಿಗೆ ಕೈ ಅಡ್ಡ ಹಿಡಿದಳು. ಇಪ್ಪತ್ತಾರು ವರ್ಷ ನಾನು ಮಾಡಿದ್ದು ಬರೀ ಕೂಗಾಟ, ದನಿ ಅಂದರೆ ಇದು ಎಂದು ಆವತ್ತು ಗೊತ್ತಾಯಿತು.

ಆಮೇಲೆ ಅವರು ಕೆಮ್ಮಿದರು. ಕೆಮ್ಮು ನಿಲ್ಲಲಿಲ್ಲ.

ಗಂಗೋತ್ರಿ ಗಡಿಯಾರ ನೋಡಿದಳು. ಡಾಕ್ಟರು ಕೊಟ್ಟ ಒಂದು ತಾಸಿನಲ್ಲಿ ನಲವತ್ತು ನಿಮಿಷ ಖರ್ಚಾಗಿತ್ತು. ಹನ್ನೊಂದು ಪುಟಕ್ಕೆ ಉಳಿದದ್ದು ಇಪ್ಪತ್ತು. ನಾನು ಕೈಮುಗಿದು, "ತಪ್ಪಾತ್ರಿ ಸಾಹೇಬ್ರ, ನನ್ನ ಬಾಯಿ ಸುಡಲಿ" ಅಂದೆ. ಅವರು ನೋಟ್‌ಬುಕ್ ತೆಗೆದು ಬರೆದರು. ಗಂಗೋತ್ರಿ ಓದಿದಳು: "ಮೂವತ್ತು ವರ್ಷ ಸ್ಟುಡಿಯೋದ ಗಾಜಿನ ಕೋಣೆಯಲ್ಲಿ ಒಬ್ಬನೇ ಕೂತು ಜನರನ್ನು ನಗಿಸಿದ್ದೇನೆ. ಅವರ ಹಲ್ಲು ನೋಡಿದ್ದು ಇವತ್ತೇ." ಕೆಳಗೆ ಇನ್ನೊಂದು ಸಾಲು: "ಇವರು ಒಳಗೆ ಬರಲಿ. ಇವರಿಗೇ ಓದುತ್ತೇನೆ."

"ಆಗಲ್ಲ ಅಣ್ಣ," ಎಂದಳು ಗಂಗೋತ್ರಿ. "ಇಪ್ಪತ್ತು ಮಂದಿ ಕೈತುಂಬ ಗಾಜಿನ ಬಳಿ. ಉಸಿರು ಬಿಟ್ರ ಕಿಣಿಕಿಣಿ ಅಂತಾವು."

"ಬಳಿ ಬಿಚ್ಚಾಕ ಮಾತ್ರ ಹೇಳಬ್ಯಾಡವ್ವ," ಜಂಬವ್ವ ಕಟ್ಟುನಿಟ್ಟಾಗಿ ಹೇಳಿದಳು. "ಮನ್ಯಾಗ ಗಂಡ ಗುಂಡುಕಲ್ಲಿನಂಗ ಅದಾನ, ನಾ ಬಿಚ್ಚಂಗಿಲ್ಲ." ಸ್ವಲ್ಪ ಯೋಚಿಸಿ, ಮೂಟೆ ಒರೆಸಲು ಇಟ್ಟಿದ್ದ ಹಳೆಯ ಸೀರೆಯೊಂದನ್ನು ಪರ್ರನೆ ಹರಿದಳು. ಬಳೆಗಳನ್ನು ಮೊಣಕೈ ಕಡೆ ಏರಿಸಿ, ಬಟ್ಟೆ ಸುತ್ತಿ, ಚೀಲ ಹೊಲಿಯುವ ಸುತಲಿಯಿಂದ ಬಿಗಿದಳು. ಹತ್ತು ನಿಮಿಷದಲ್ಲಿ ಇಪ್ಪತ್ತು ಹೆಂಗಸರ ನಲವತ್ತು ಕೈಗಳಿಗೂ ಕಟ್ಟು. "ಎಲ್ಲಾರೂ ಆಸ್ಪತ್ರಿಯಿಂದ ಬಂದಂಗ ಕಾಣ್ತೀವಲ್ಲೇ!" ಎಂದು ನಗುತ್ತ ಒಳಗೆ ಬಂದು ಮೂಟೆಗಳ ನಡುವೆ ಕೂತರು.

ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಭತ್ತದ ವಾಸನೆ. ಗವಾಕ್ಷಿಯಿಂದ ಒಂದು ಬಿಸಿಲು ಕೋಲು. ಎಂಥ ಮೌನ ಎಂದರೆ ನನ್ನ ಗಡಿಯಾರದ ಸದ್ದು ನನಗೇ ಕೇಳಿ, ಅದನ್ನು ಬಿಚ್ಚಿ ಚೀಲದ ಕೆಳಗೆ ತುರುಕಿದೆ.

ಅವರು ಓದತೊಡಗಿದರು. ಮೊದಲೆರಡು ಪುಟ ದನಿ ತರಿತರಿ. ಗಂಗೋತ್ರಿ ತುಟಿ ಕಚ್ಚಿಕೊಂಡಳು. ಮೂರನೆಯದರಲ್ಲಿ ಅವರು ದನಿ ಏರಿಸುವುದನ್ನೇ ಬಿಟ್ಟು, ಮೈಕಿಗೆ ತೀರ ಹತ್ತಿರ ಬಂದು, ಜಂಬವ್ವನ ಮುಖ ನೋಡುತ್ತ, ಪಕ್ಕದಲ್ಲಿ ಕೂತವರಿಗೆ ಹೇಳುವಂತೆ ಹೇಳಿದರು. ನನಗೆ ತಿಳಿದದ್ದು ಕಲ್ಲು, ನೀರು, ಕಬ್ಬಿಣ, ಕಾಲ ಎಂಬ ನಾಲ್ಕೇ ಪದ. ಆದರೆ ಹಂಪಿಯ ಹೇಮಕೂಟದ ಬಂಡೆಗಳು ಒಂದರ ಮೇಲೊಂದು ಏರಿ ಕೂತದ್ದು ಕಂಡಿತು, ಸಂಡೂರಿನ ಗುಡ್ಡ ಮಳೆಯಲ್ಲಿ ಕೆಂಪಗೆ ಇಳಿದದ್ದು ಕಂಡಿತು. ದಿನಾ ನೋಡಿ ನೋಡಿ ಕಾಣದೇ ಹೋದದ್ದು! ಹೆಂಗಸರು ಅಲುಗಲಿಲ್ಲ. ಅವರಲ್ಲಿ ಯಾರಿಗೂ ಮಾತು ತಿಳಿಯುತ್ತಿರಲಿಲ್ಲ, ಆದರೂ ಯಾರ ಕಣ್ಣೂ ಅವರನ್ನು ಬಿಡಲಿಲ್ಲ.

ಹನ್ನೊಂದನೆಯ ಪುಟದ ಕೊನೆಯಲ್ಲಿ ದನಿ ನಿಂತೇಹೋಯಿತು. ತುಟಿ ಆಡುತ್ತಿದೆ, ಸದ್ದಿಲ್ಲ. ಉಳಿದದ್ದು ಒಂದೇ ವಾಕ್ಯ. ಗಂಗೋತ್ರಿ ರೆಕಾರ್ಡರ್ ನಿಲ್ಲಿಸಲಿಲ್ಲ. ಸಾಹೇಬರು ಕಾದರು. ಜಂಬವ್ವ ಕೂತಲ್ಲೇ ಮುಂದಕ್ಕೆ ಬಾಗಿದಳು, ತೊದಲುವ ಮಗುವಿನ ಮಾತಿಗೆ ಬಾಗುವ ಹಾಗೆ. ಅವರು ಅವಳ ಕಡೆ ನೋಡಿದರು, ಉಸಿರು ಎಳೆದುಕೊಂಡರು, ಆ ವಾಕ್ಯ ಹೇಳಿದರು. ಉಸಿರಿಗಿಂತ ಒಂದೆಳೆ ದಪ್ಪ ಇತ್ತು, ಅಷ್ಟೇ.

ಆಮೇಲೆ ಮೌನ. ಅದರೊಳಗೆ, ಕಟ್ಟಿನಿಂದ ಜಾರಿದ ಒಂದು ಬಳೆ: ಕಿಣ್.

ಗಂಗೋತ್ರಿ ಎಲ್ಲವನ್ನೂ ಮತ್ತೆ ಕೇಳಿ ಸರಿಮಾಡಿ, ಕರೆಂಟಿಲ್ಲದ ಊರೆಲ್ಲ ನೆಟ್‌ವರ್ಕ್ ಹುಡುಕಿ, ಕೊನೆಗೆ ಕಂಪ್ಲಿ ಸೇತುವೆಯ ಹತ್ತಿರ ಸಿಕ್ಕು ಕಳಿಸಿದಾಗ ಐದೂಕಾಲು. ಉತ್ತರ ಬಂದಾಗ ಆರಕ್ಕೆ ಆರು ನಿಮಿಷ ಬಾಕಿ. ಗಂಗೋತ್ರಿ ಎರಡು ಸಲ ಓದಿಕೊಂಡು ಕನ್ನಡದಲ್ಲಿ ಹೇಳಿದಳು: "ಇದನ್ನಽ ಹಾಕ್ತಾರಂತ. ಕಂಪ್ಯೂಟರ್‌ದು ಬ್ಯಾಡಂತ. ಕೊನೀಗೆ ಏನೋ ಸದ್ದು ಐತಿ, ಅದನ್ನ ತೆಗೀತೀವಿ ಅಂತಾರ." ಸಾಹೇಬರು ನೋಟ್‌ಬುಕ್ಕಿನಲ್ಲಿ ಒಂದೇ ಸಾಲು ಬರೆದು ಅವಳ ಕೈಗಿಟ್ಟರು. ಅವಳು ಓದಿದಳು: "ಅದು ನನಗೆ ಬಿದ್ದ ಚಪ್ಪಾಳೆ, ತೆಗೆಯಬೇಡಿ."

ನಾಲ್ಕು ತಿಂಗಳ ಮೇಲೆ ಚಿತ್ರ ನನ್ನ ಫೋನಿಗೆ ಬಂತು. ಆಪರೇಷನ್ ಆಗಿ ಸಾಹೇಬರು ಚೆನ್ನಾಗಿದ್ದಾರೆ, ಆದರೆ ಆ ದನಿ ಈಗ ಇಲ್ಲ ಎಂದು ಗಂಗೋತ್ರಿ ಜೊತೆಗೆ ಬರೆದಿದ್ದಳು. ನಾನು ಆಟೋ ಹತ್ತಿ ನೇರ ಕಂಪ್ಲಿಗೆ ಹೋದೆ. ಜಂಬವ್ವ ಚೀಲದ ಸೂಜಿಯನ್ನು ತಲೆಗೂದಲಿಗೆ ಸಿಕ್ಕಿಸಿ, ಫೋನನ್ನು ಕಿವಿಗೆ ಒತ್ತಿ ಹಿಡಿದು ಕೂತಳು. ಚಿತ್ರ ನೋಡು ಅಂದರೂ ನೋಡಲಿಲ್ಲ, ಕೇಳಿದಳು. ಒಂದು ತಾಸು. ಕೊನೆಯ ವಾಕ್ಯ ಬಂತು. ಅದರ ಹಿಂದೆಯೇ ಆ "ಕಿಣ್" ಕೂಡ ಬಂತು.

ಅವಳು ತನ್ನ ಎಡಗೈ ಎತ್ತಿ ಬಳೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. "ಹಸರದ್ದು," ಅಂದಳು ಮೆಲ್ಲಗೆ. "ಹೋದ ತಿಂಗಳ ಒಡೀತು ಹುಲುಗೇಶ. ಇಲ್ಲಿ ಒಡೆದೇ ಇಲ್ಲ ನೋಡು."

ಆಮೇಲೆ ಫೋನನ್ನು ಮತ್ತೆ ಕಿವಿಗೆ ಹಿಡಿದು, "ಮೊದಲಿಂದ ಹಚ್ಚು," ಎಂದಳು.