ಮೂರು ಟೇಪುಗಳ ಸರಾಸರಿ

ನೆಂಟರೆಲ್ಲ ಹೊರಟುಹೋದ ಮಾರನೆಯ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಮನೆಯ ಹಿಂದಿನ ಶೆಡ್ಡಿನಿಂದ ಗ್ರೈಂಡರ್ ಸದ್ದು ಕೇಳಿಸಿತು. ಬೆಳಗಾಗೋದೇ ತಡ, ಶುರು ಹಚ್ಕೊಂಡ ನೋಡು ಎಂದುಕೊಂಡೆ. ಬಾಯಿ ಮುಕ್ಕಳಿಸಿ ಉಗಿದ ಮೇಲೆ ನೆನಪಾಯಿತು, ಶುರು ಹಚ್ಚಿಕೊಳ್ಳುವವನು ಸತ್ತು ಐದು ದಿನವಾಗಿದೆ.

ಶೆಡ್ಡಿನಲ್ಲಿ ಗಂಡನ ಗೆಳೆಯರಿಬ್ಬರಿದ್ದರು. ಒಬ್ಬ ಲೇತ್ ಕೆಲಸದವನು. ಕುರ್ಚಿ ಎಳೆಯುವಾಗಲೂ ಎಷ್ಟು ಎಳೆಯಬೇಕೆಂದು ಹೇಳುವುದರಿಂದ ಎಲ್ಲರೂ ಅವನನ್ನು ಮಿಲಿಮೀಟರ್ ಎನ್ನುತ್ತಾರೆ. ಇನ್ನೊಬ್ಬ ವಿಮೆ ಏಜೆಂಟ್. ಹಳೆಯ ಕಾರುಗಳ ಬಗ್ಗೆ ಅವನು ನೋಡದ ವಿಡಿಯೊ ಇಲ್ಲ, ಸ್ವತಃ ಬಿಚ್ಚಿದ ಬೋಲ್ಟೂ ಇಲ್ಲ. ಇಬ್ಬರ ಕಣ್ಣುಗಳೂ ಕೆಂಪಗಿದ್ದವು. ಅತ್ತದ್ದಕ್ಕೋ, ತುಕ್ಕಿನ ಧೂಳಿಗೋ, ಕೇಳಲಿಲ್ಲ.

“ಅತ್ತಿಗೆ, ನೀವು ಹೋಗಿ ಮಲಗಿ. ನಾವಿದೀವಿ, ನೋಡ್ಕೋತೀವಿ,” ಎಂದ ವಿಮೆಯವನು.

“ಏನನ್ನ?”

“ಅವನ ಕನಸನ್ನ.”

ಕನಸು ನಾಲ್ಕು ಸ್ಟ್ಯಾಂಡುಗಳ ಮೇಲೆ ಕೂತಿತ್ತು. ಎಪ್ಪತ್ತು ವರ್ಷ ಹಳೆಯ ಕಾರೊಂದರ ಚಾಸಿ: ಉದ್ದಕ್ಕೆ ಎರಡು ಕಬ್ಬಿಣದ ತೊಲೆ, ನಡುವೆ ಅಡ್ಡಪಟ್ಟಿಗಳು. ನಮ್ಮ ಅತ್ತೆ ಅದನ್ನು ಏಣಿ ಎಂದೇ ಕರೆಯುವುದು. “ಏಣಿ ಹತ್ತಿ ಎಲ್ಲಿಗೆ ಹೋಗ್ತಾನಂತೆ?” ಎಂದು ವಾರಕ್ಕೊಮ್ಮೆಯಾದರೂ ಕೇಳುತ್ತಿದ್ದರು. ಅವನು ಹೋಗಬೇಕೆಂದಿದ್ದುದು ಹಾಟ್ ರಾಡಿಗೆ. ಅಂದರೆ ಅಜ್ಜನ ಕಾಲದ ಕಾರನ್ನು ನೆಲ ಮುಟ್ಟುವಷ್ಟು ತಗ್ಗಿಸಿ, ಅದಕ್ಕೆ ಮೀರಿದ ಎಂಜಿನ್ ಕೂರಿಸಿ, ಬೀದಿಯವರೆಲ್ಲ ಕಿವಿ ಮುಚ್ಚಿಕೊಳ್ಳುವಂತೆ ಓಡಿಸುವುದು. ನಾಲ್ಕು ವರ್ಷದಲ್ಲಿ ಅದು ಓಡಿದ್ದು ಒಂದೂವರೆ ಅಡಿ. ಸ್ಟ್ಯಾಂಡ್ ಜಾರಿದ ದಿನ.

ಅವನು ಸತ್ತದ್ದು ಅದರಡಿ ಸಿಕ್ಕಿಯೂ ಅಲ್ಲ. ಬ್ಯಾಂಕಿನ ಸಾಲಿನಲ್ಲಿ, ಕೈಯಲ್ಲಿ ಟೋಕನ್ ಹಿಡಿದು, ಎದೆ ಹಿಡಿದುಕೊಂಡು. ಮೂವತ್ತಾರು ವರ್ಷ.

“ಮುಂದಿನ ಭಾನುವಾರ ಎಂಜಿನ್ ಕೂರಿಸಿ ಎಲ್ಲಾ ಬೆಸೆದುಬಿಡ್ತೀವಿ. ಮೊದಲ ಕಿಡಿ ನಿಮ್ಮ ಕೈಯಿಂದಲೇ ಆಗ್ಬೇಕು,” ಎಂದ ವಿಮೆಯವನು. “ಅವನ ಹೆಸರಿನ ಫಲಕಕ್ಕೂ ಹೇಳಿದೀನಿ.”

“ಚಾಸಿ ವಾರೆಯಾಗಿದೆಯಲ್ಲ?”

ಮಿಲಿಮೀಟರ್ ನೆಲ ನೋಡಿದ. “ಇರಲಿ ಬಿಡಿ ಅತ್ತಿಗೆ. ಅವನ ಕೈಯ ಬೆಸುಗೆ. ಅದನ್ನ ಮುಟ್ಟಬಾರದು.”

ಎರಡು ವಾರದ ಹಿಂದೆ ಇದೇ ಬೆಸುಗೆಯನ್ನು ನೋಡಿ, “ಏನೋ ಇದು, ಕಾಗೆ ಹಿಕ್ಕೆ ಹಾಕಿದ ಹಾಗಿದೆ,” ಎಂದಿದ್ದವನು ಇವನೇ. ಸತ್ತ ಮೇಲೆ ಮನುಷ್ಯನ ಕೈಕೆಲಸ ಬೇಗ ಸುಧಾರಿಸುತ್ತದೆ.

ಅದು ವಾರೆಯಾದ ಕಥೆ ನನಗೆ ಗೊತ್ತು. ಕಾರು ತಗ್ಗಬೇಕಾದರೆ ಎರಡೂ ತೊಲೆಗಳ ಹಿಂಭಾಗವನ್ನು ಕೊಯ್ದು, ಒಂದು ಮೆಟ್ಟಿಲಿನಷ್ಟು ಮೇಲಕ್ಕೇರಿಸಿ, ಮತ್ತೆ ಬೆಸೆಯಬೇಕು. ಎಲ್ಲಿ ಕೊಯ್ಯಬೇಕೆಂದು ಮೂವರೂ ಅಳೆದರು. ಮೂರು ಟೇಪು, ಮೂರು ಅಂಕಿ. ಗಂಡನ ಟೇಪಿನ ತುದಿಯ ಕೊಕ್ಕೆ ಬಗ್ಗಿತ್ತು. ಮಿಲಿಮೀಟರ್ ಯಾವ ಕೊಕ್ಕೆಯನ್ನೂ ನಂಬುವವನಲ್ಲ. ಹತ್ತು ಸೆಂಟಿಮೀಟರಿನ ಗೆರೆಯಿಂದ ಅಳೆದು, ಆಮೇಲೆ ಹತ್ತು ಕಳೆಯುತ್ತಾನೆ. ವಿಮೆಯವನು ತಂದದ್ದು ಹೆಂಡತಿಯ ಹೊಲಿಗೆ ಪೆಟ್ಟಿಗೆಯ ಬಟ್ಟೆ ಟೇಪು. ಒಬ್ಬನದು ಸರಿ ಎಂದರೆ ಇನ್ನಿಬ್ಬರದು ತಪ್ಪಾಗುತ್ತದೆ, ಸ್ನೇಹವೋ ಹದಿನೈದು ವರ್ಷದ್ದು. ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿ ಬಲಗಡೆಯ ತೊಲೆ ಕೊಯ್ದರು. ಎಡಗಡೆಯದನ್ನು ಮರುವಾರ ಕೊಯ್ದರು. ಆ ವಾರ ವಿಮೆಯವನು ಊರಲ್ಲಿರಲಿಲ್ಲವಾದ್ದರಿಂದ ಇಬ್ಬರದೇ ಸರಾಸರಿ.

ನಾನು ಸಂಖ್ಯಾಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವಳು. ಎರಡೂ ದಿನ ಕಾಫಿ ಕೊಟ್ಟು ಒಳಗೆ ಹೋದೆ.

ಗುರುವಾರ ಡ್ರೈವಿಂಗ್ ಸ್ಕೂಲ್ ನಡೆಸುವ ಹೆಂಗಸು ಬಂದಳು. ಐವತ್ತರ ಆಸುಪಾಸು, ಗಟ್ಟಿ ದನಿ. ಅಂತ್ಯಕ್ರಿಯೆಯ ದಿನ ಹಿಂದೆ ನಿಂತಿದ್ದದ್ದು ನೆನಪಿತ್ತು. ಸೋಫಾದ ತುದಿಯಲ್ಲಿ ಕೂತು ನೀರು ಕುಡಿದು ಕೇಳಿದಳು:

“ಅಳತೆ ತಗೊಂಡಾಯ್ತೇನಮ್ಮ?”

“ಯಾವ ಅಳತೆ?”

“ಚಾಸಿದು. ‘ಹದಿನೈದು ದಿನ ಸಾಕು ಅಕ್ಕ, ಅಳತೆ ತಗೊಂಡು ವಾಪಸ್ ತಂದಿಡ್ತೀನಿ, ಹೊಸ ಕಬ್ಬಿಣದಲ್ಲಿ ಅಂಥದ್ದೇ ಇನ್ನೊಂದು ಮಾಡ್ಕೋತೀನಿ’ ಅಂದಿದ್ದ. ನಾಲ್ಕು ವರ್ಷ ಆಯ್ತು. ಫೋನ್ ಮಾಡಿದಾಗೆಲ್ಲ ಮುಂದಿನ ವಾರ ಅಂತಿದ್ದ. ಇಂಥ ಹೊತ್ತಲ್ಲಿ ಕೇಳೋದು ತಪ್ಪು, ಗೊತ್ತು. ಆದ್ರೆ ಇನ್ನು ಮುಂದಿನ ವಾರ ಅನ್ನೋಕೂ ಅವನಿಲ್ಲವಲ್ಲ.”

ನನಗೆ ಅವನು ಹೇಳಿದ್ದು ಗುಜರಿಯಿಂದ ತಂದೆ ಎಂದು.

“ನಮ್ಮಪ್ಪನ ಕಾರು,” ಎಂದಳು ಆಕೆ. “ಮೈಯೆಲ್ಲ ತುಕ್ಕು ಹಿಡಿದು ಉದುರಿಹೋಯ್ತು. ಅದೊಂದು ಉಳಿದಿತ್ತು. ಮಳೆಗೆ ಬಿಟ್ಟಿಲ್ಲ ತಾನೇ?”

“ಇಲ್ಲ. ಶೆಡ್ಡಲ್ಲಿದೆ. ಭಾನುವಾರ ತಂದುಕೊಡ್ತೀನಿ.”

ಶೆಡ್ಡಿಗೆ ಕರೆದೊಯ್ಯಲಿಲ್ಲ. ಆಕೆ ಕೇಳಲೂ ಇಲ್ಲ. ಆಕೆ ಹೋದ ಮೇಲೆ ವಿಮೆಯವನಿಗೆ ಫೋನ್ ಮಾಡಿದೆ.

“ಅದು ಬೇರೆಯವರದು ಅಂತ ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು ಅತ್ತಿಗೆ. ಮೊದಮೊದಲು ನಿಜವಾಗ್ಲೂ ಅಳತೆಗೆ ಅಂತಲೇ ತಂದಿದ್ವಿ. ಕೊಯ್ದ ಮೇಲೆ ಹೆಂಗೆ ವಾಪಸ್ ಕೊಡೋದು? ಅದಕ್ಕೇ ಪೂರ್ತಿ ಮಾಡಿ, ಚೆನ್ನಾಗಿ ಮಾಡಿ ತೋರಿಸಿದ್ರೆ ಅವರೂ ಖುಷಿ ಪಡ್ತಾರೆ ಅಂತ…”

“ಅವರು ಖುಷಿ ಪಡೋಕೆ ಕೊಟ್ಟಿರಲಿಲ್ಲ.”

“ಸತ್ತವನ ಮರ್ಯಾದೆ ಅಂತ ಒಂದಿರುತ್ತೆ ಅತ್ತಿಗೆ.”

“ಎಷ್ಟು ಮಿಲಿಮೀಟರ್?” ಎಂದು ಕೇಳಿ ಫೋನ್ ಇಟ್ಟೆ.

ಒಮ್ಮೆ ಎಂಜಿನ್ ಕೂರಿಸಿ ಮೂಲೆಗಳನ್ನು ಬೆಸೆದರೆ ಅದನ್ನು ಯಾರೂ ಯಾರಿಗೂ ಹಿಂತಿರುಗಿಸಲಾರರು. ಹೆಸರಿನ ಫಲಕ ಕೂತ ಮೇಲಂತೂ ಕೇಳಲು ಬಂದವರೇ ಕೆಟ್ಟವರಾಗುತ್ತಾರೆ. ಲಾರಿಯವನನ್ನು ಹುಡುಕಿ ಭಾನುವಾರ ಎಂಟು ಗಂಟೆಗೆ ಬರಹೇಳಿದೆ. ಗೆಳೆಯರು ಬರುವುದು ಒಂಬತ್ತಕ್ಕೆ.

ಅತ್ತೆಗೆ ಶನಿವಾರ ಹೇಳಿದೆ. ಅವರು ಮಡಚುತ್ತಿದ್ದ ಬಟ್ಟೆಯನ್ನು ಮತ್ತೆ ಬಿಚ್ಚಿದರು.

“ನನ್ನ ಮಗ ಇಸ್ಕೊಂಡಿದ್ದನ್ನ ನುಂಗಿಹಾಕ್ದ ಅಂತ ಊರಿಗೆಲ್ಲ ಸಾರಿ ಬರ್ತೀಯಾ?”

“ಸಾರಲ್ಲ ಅತ್ತೆ. ಕೊಟ್ಟು ಬರ್ತೀನಿ.”

“ಅದೂ ಹೋದ್ರೆ ಆ ಶೆಡ್ಡಲ್ಲಿ ಅವನದು ಅಂತ ಏನಿರುತ್ತೆ?”

ಮಡಚಿದ ಬಟ್ಟೆಗಳನ್ನು ತೆಗೆದುಕೊಂಡು ಹೋಗಿ ಕಪಾಟಿನಲ್ಲಿಟ್ಟೆ. ಅದರಲ್ಲಿ ಅವನ ಎರಡು ಅಂಗಿಗಳೂ ಇದ್ದವು. ಅವನ್ನೂ ಇಟ್ಟೆ.

ಭಾನುವಾರ ಲಾರಿಯವನು ಮುಕ್ಕಾಲು ಗಂಟೆ ತಡವಾಗಿ ನಾಲ್ಕು ಜನರೊಂದಿಗೆ ಬಂದ. ಚಾಸಿಯ ಸುತ್ತ ಒಂದು ಸುತ್ತು ಹಾಕಿ, “ಏನಮ್ಮ ಇದು, ಮಂಚಾನಾ?” ಎಂದ.

“ಹೂಂ. ನಾಲ್ಕು ವರ್ಷ ಮೂರು ಜನ ಇದರ ಮೇಲೇ ನಿದ್ದೆ ಮಾಡಿದ್ದಾರೆ.”

ಬಾಗಿಲಿನಿಂದ ಓರೆ ಮಾಡಿ ಹೊರತರುವಷ್ಟರಲ್ಲಿ ಗೆಳೆಯರು ಬಂದೇಬಿಟ್ಟರು. ವಿಮೆಯವನ ಕೈಯಲ್ಲಿ ಹಿತ್ತಾಳೆ ಫಲಕ, ಕಾಗದದಲ್ಲಿ ಸುತ್ತಿದ್ದು. ಅವನು ಲಾರಿಗೆ ಅಡ್ಡ ನಿಂತ.

“ಅತ್ತಿಗೆ, ನೀವು ದುಃಖದಲ್ಲಿದ್ದೀರಿ. ಇಂಥ ಹೊತ್ತಲ್ಲಿ ದುಡುಕಬಾರದು.”

“ನಾನು ದುಃಖದಲ್ಲಿದ್ದೀನಾ ಇಲ್ವಾ ಅನ್ನೋದನ್ನ ನೀವೆಲ್ಲ ಸೇರಿ ಸರಾಸರಿ ತೆಗೀಬೇಡಿ. ಪಕ್ಕಕ್ಕೆ ಬನ್ನಿ.”

ಅವನು ಮಿಲಿಮೀಟರ್ ಕಡೆ ತಿರುಗಿದ. ಮಿಲಿಮೀಟರ್ ಅಲ್ಲಿರಲಿಲ್ಲ. ಶೆಡ್ಡಿನೊಳಗೆ ಹೋಗಿ, ಕೊಯ್ದ ದಿನ ಉಳಿದಿದ್ದ ತುಂಡುಗಳನ್ನು ಹಲಗೆಯ ಮೇಲಿಂದ ಇಳಿಸುತ್ತಿದ್ದ. ಎರಡನ್ನೂ ಬಟ್ಟೆಯಿಂದ ಒರೆಸಿ, ಸೀಮೆಸುಣ್ಣದಲ್ಲಿ ಎಡ, ಬಲ ಎಂದು ಬರೆದು ತಂದು ಲಾರಿಯಲ್ಲಿಟ್ಟ.

“ನನ್ನ ಟೇಪ್ ಸರಿ ಇತ್ತು ಅತ್ತಿಗೆ,” ಎಂದ ಮೆಲ್ಲಗೆ. “ಆ ದಿನ ಹೇಳಬೇಕಿತ್ತು.”

“ಅವತ್ತು ನಾನೂ ಮನೇಲೇ ಇದ್ದೆ,” ಎಂದೆ.

ವಿಮೆಯವನು ಪಕ್ಕಕ್ಕೆ ಸರಿದ. ಫಲಕವನ್ನು ಏನು ಮಾಡಬೇಕೆಂದು ತಿಳಿಯದೆ, ಹಿತ್ತಲ ಬಾಗಿಲಲ್ಲಿ ನಿಂತಿದ್ದ ಅತ್ತೆಯ ಕೈಗೆ ಕೊಟ್ಟ.

ಡ್ರೈವಿಂಗ್ ಸ್ಕೂಲಿನ ಅಂಗಳದಲ್ಲಿ ಕಲಿಯುವವರ ಕಾರು ಎರಡಿದ್ದವು, ಎರಡರ ಮುಂಭಾಗವೂ ನಜ್ಜಿತ್ತು. ತಗಡಿನ ಚಾವಣಿಯ ಕೆಳಗೆ ಉದ್ದನೆಯ ಜಾಗವೊಂದು ಖಾಲಿ ಇತ್ತು. ಆಕೆ ಅಲ್ಲೇ ಇಳಿಸಲು ಹೇಳಿದಳು. ಲಾರಿಯವರು ಹೋದರು. ಆಮೇಲೆ ಬಲ ತೊಲೆಯ ಮೇಲೆ ಕೈಯಾಡಿಸುತ್ತ ಹಿಂದಕ್ಕೆ ನಡೆದಳು. ಮೆಟ್ಟಿಲು ಬಂದಲ್ಲಿ ಕೈ ನಿಂತಿತು. ಬೆಸುಗೆಯನ್ನು ಉಗುರಿನಿಂದ ಕೆರೆದಳು. ಬಗ್ಗಿ, ಒಂದು ಕಣ್ಣು ಮುಚ್ಚಿ, ತೊಲೆಯುದ್ದಕ್ಕೂ ನೋಡಿದಳು.

“ನಾನು ಕೊಟ್ಟಿದ್ದು ಹೀಗಿರಲಿಲ್ಲ.”

“ಇರಲಿಲ್ಲ. ಕೊಯ್ದ ತುಂಡು ಇಲ್ಲಿವೆ. ಎರಡು ಬೆರಳು ವಾರೆಯಾಗಿದೆ.”

“ಸತ್ತಿದ್ದಾನೆ ಅಂತ ನಾನು ಬಾಯಿ ಮುಚ್ಕೊಂಡು ಇರಬೇಕಾ ಈಗ?”

“ಬೇಡ. ಬೈಯಿರಿ.”

ಆಕೆ ಬೈದಳು. ಸುಳ್ಳ ಎಂದಳು, ಸೋಮಾರಿ ಎಂದಳು. ನಕ್ಕು ನಕ್ಕೇ ಜನರ ತಲೆ ಸವರುವವನು, ಅಕ್ಕಾ ಅಕ್ಕಾ ಅಂತ ಕಾಲು ಹಿಡಿಯೋಕೂ ಬರುತ್ತೆ, ಕೈಗೆ ಕೊಟ್ಟರೆ ಕೆಡಿಸೋಕೂ ಬರುತ್ತೆ ಎಂದಳು. ಸ್ಕೂಟರ್ ಪೆಟ್ರೋಲು ಮುಗಿದಾಗೆಲ್ಲ ಇದೇ ಅಂಗಳಕ್ಕೆ ತಳ್ಳಿಕೊಂಡು ಬರುತ್ತಿದ್ದನಂತೆ, ಪಂಚರ್ ಎಂದು ಹೇಳುತ್ತಿದ್ದನಂತೆ. ಕಲಿಯುವ ಹುಡುಗಿಯರ ಮುಂದೆ ರಿವರ್ಸ್ ತೋರಿಸಲು ಹೋಗಿ ಕಾಂಪೌಂಡಿಗೆ ಗುದ್ದಿದ್ದನಂತೆ. ನನಗೆ ಗೊತ್ತಿರಲಿಲ್ಲ. ಆದರೆ ಅವನೇ, ಅನುಮಾನವಿಲ್ಲ. ಹನ್ನೊಂದು ದಿನದಿಂದ ಬಂದವರೆಲ್ಲ ಒಬ್ಬ ಮಹಾತ್ಮನ ಬಗ್ಗೆ ಮಾತಾಡಿ ಹೋಗಿದ್ದರು. ಆತ ಯಾರೆಂದು ನನಗೆ ತಿಳಿದಿರಲಿಲ್ಲ, ಅವನಿಗಾಗಿ ಅಳು ಬಂದಿರಲಿಲ್ಲ.

ಆಕೆಗೆ ಏದುಸಿರು ಬಂತು. ಒಂದು ಸ್ಟೂಲ್ ನನ್ನತ್ತ ತಳ್ಳಿ, ತಾನು ತೊಲೆಯ ಮೇಲೆ ಕೂತಳು.

“ಇನ್ನೂ ಇದೆ,” ಎಂದಳು.

“ಹೇಳಿ,” ಎಂದೆ, ಕಣ್ಣೊರೆಸಿಕೊಂಡು. “ಆಮೇಲೆ ನಾನು ಹೇಳ್ತೀನಿ.”