ಏಳನೇ ಪಂಪ್‌ಹೌಸಿನ ಷರಾ

“ಹನ್ನೊಂದು ತಿಂಗಳಲ್ಲಿ ಒಂದು ದೂರಿಲ್ಲ ನೋಡು. ಗುಡ್ಡದ ಮೇಲೆ ಒಬ್ಬನೇ ಹಾಯಾಗಿದ್ದಾನೆ,” ಎನ್ನುತ್ತಾ ನೀರು ಸರಬರಾಜು ಕಚೇರಿಯ ಸಾಹೇಬರು, ಏಳನೇ ಪಂಪ್‌ಹೌಸಿನ ಆಪರೇಟರನನ್ನು ಇನ್ನೆರಡು ವರ್ಷ ಅಲ್ಲೇ ಮುಂದುವರಿಸುವ ಆದೇಶವನ್ನು ಹತ್ತಿರಕ್ಕೆ ಎಳೆದುಕೊಂಡರು. “ಸಂಜೆ ಸೈನ್ ಹಾಕ್ತೀನಿ. ನೀನು ಮೊದಲು ಆ ವರದಿಯ ಟೇಬಲ್ ಸರಿ ಮಾಡಮ್ಮ, ಬೆಳಿಗ್ಗೆಯಿಂದ ಚೆಲ್ಲಾಪಿಲ್ಲಿ ಆಗಿದೆ.”

ಏನಾದರೂ ಕೆಟ್ಟರೆ ಮಾತ್ರ ಆ ಕಚೇರಿಗೆ ಪ್ರೋಗ್ರಾಮರ್ ಹುಡುಗಿಯ ನೆನಪು. ಉಳಿದಂತೆ ಅವಳುಂಟು, ಅವಳ ಮೂಲೆಯ ಮೇಜುಂಟು. ಪಂಪ್‌ಹೌಸುಗಳ ದಿನದ ವರದಿಯನ್ನು ಟೇಬಲ್ ಮಾಡಿಕೊಡುವ ಸಾಫ್ಟ್‌ವೇರ್ ಲೈಬ್ರರಿಗೆ ಎರಡು ದಾರಿ: ಬಂದದ್ದನ್ನು, ಅದರಲ್ಲಿರುವ ಬಣ್ಣ ಮುಂತಾದ ಸೂಚನೆಗಳ ಸಮೇತ, ಹಾಗೇ ಪುಟಕ್ಕೆ ಬಿಡುವುದು, ಇಲ್ಲವೇ ಎಸ್ಕೇಪ್ ಮಾಡಿ ಪ್ರತಿ ಚಿಹ್ನೆಯನ್ನೂ ಬರಿಯ ಅಕ್ಷರವಾಗಿ ತೋರಿಸುವುದು. ಷರಾ ಕಾಲಮ್ಮಿನಲ್ಲಿ ಬಣ್ಣ ಬೇಕೆಂದು ಸಾಹೇಬರು ಹಠ ಹಿಡಿದಿದ್ದರಿಂದ ಅವಳು ಮೊದಲನೆಯದನ್ನೇ ಇಟ್ಟಿದ್ದಳು. ಈಗ ಯಾರೋ ಅಡ್ಡಾದಿಡ್ಡಿ ಚಿಹ್ನೆ ಒತ್ತಿ ಟೇಬಲ್ ಮುರಿದಿತ್ತು. ಬಣ್ಣ ಹೋದರೆ ಹೋಗಲಿ ಎಂದು ಎಸ್ಕೇಪಿಗೆ ಬದಲಾಯಿಸಿದಳು.

ಏಳನೇ ಪಂಪ್‌ಹೌಸಿನ ಎದುರು ಇಷ್ಟು ದಿನ ಖಾಲಿ ಕಾಣುತ್ತಿದ್ದ ಷರಾ ಸಾಲುಗಳೆಲ್ಲ ತುಂಬಿಕೊಂಡವು.

ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದ ಕನ್ನಡ ಮಾತುಗಳು, ಪ್ರತಿಯೊಂದೂ < > ಎಂಬ ಎರಡು ಚೂಪು ಕಂಸಗಳ ನಡುವೆ. ವರದಿ ತುಂಬುವ ಫಾರಂ ಮಾಡುವಾಗ ಅವಳೇ ಮಾದರಿಗೆಂದು ಅಂಥ ಕಂಸದೊಳಗೆ ‘ಇಲ್ಲಿ ಬರೆಯಿರಿ’ ಎಂದು ಹಾಕಿದ್ದಳು. ಉಳಿದವರು ಅದನ್ನು ಅಳಿಸಿ ಬರೆದಿದ್ದರು. ಈ ಪುಣ್ಯಾತ್ಮ ಹೇಳಿದ ಮಾತು ಮೀರದೆ ಕಂಸದ ಒಳಗೇ ಬರೆದಿದ್ದ. ಬ್ರೌಸರ್ ಅದನ್ನು ತನಗೆ ಕೊಟ್ಟ ಸೂಚನೆ ಎಂದುಕೊಂಡು ದಿನವೂ ನುಂಗಿ ಹಾಕಿತ್ತು.

‘ಜೊತೆಗೆ ಒಬ್ಬರನ್ನ ಕಳಿಸಿ ಸಾರ್.’

‘ಫೋನ್ ಮಾಡಿದ್ರೆ ಷರಾದಲ್ಲಿ ಬರೀರಿ ಅಂತಾರೆ. ಬರೀತಾನೇ ಇದ್ದೀನಿ.’

‘ಮನುಷ್ಯರ ಮುಖ ನೋಡಿ ಒಂಬತ್ತು ದಿನ ಆಯ್ತು.’

‘ಯಾರೂ ಓದ್ತಿಲ್ಲ ಅನ್ಸುತ್ತೆ. ಇರಲಿ, ಇವತ್ತು ಮೋಡ ಇತ್ತು.’

ಅವಳು ಪ್ರಿಂಟ್ ತೆಗೆದು ಸಾಹೇಬರ ಮುಂದಿಟ್ಟು, “ತಪ್ಪು ನಂದು ಸಾರ್,” ಎಂದಳು. ಅವರು ಎರಡು ಹಾಳೆ ಓದಿದರು. ಮೂರನೆಯದನ್ನು ಓದಲಾಗದೆ ಕನ್ನಡಕ ತೆಗೆದರು. ಆಮೇಲೆ ಆದೇಶವನ್ನು ಹರಿದು ಬುಟ್ಟಿಗೆ ಹಾಕಿದರು.

ಪಂಪ್‌ಹೌಸಿಗೆ ಫೋನ್ ಮಾಡಿದಾಗ ಬರೀ ಯಂತ್ರದ ಗದ್ದಲ.

“ನೀವು ಬರೆದಿದ್ದನ್ನ ಇವತ್ತು ಓದಿದೆ ಅಣ್ಣ,” ಎಂದು ಅವಳು ಕೂಗಿದಳು. “ಇಷ್ಟು ದಿನ ನಮಗೆ ಕಾಣಿಸ್ತಾನೇ ಇರಲಿಲ್ಲ. ನಿಮ್ಮನ್ನ ವಾಪಸ್ ಕರೆಸ್ಕೋತಾರೆ.”

ಆ ಕಡೆಯಿಂದ ಅವನ ದನಿ ಬಂತು. “ಎಲ್ಲಾನೂ ಓದಿದ್ರಾ?”

“ಎಲ್ಲಾನೂ.”

“ಒಂದ್ನಿಮಿಷ ಮೇಡಂ, ಆಚೆ ಬರ್ತೀನಿ.” ಬಾಗಿಲು ಹಾಕಿದ ಸದ್ದಾಯಿತು. ಗದ್ದಲ ಅಡಗಿತು. “ಈಗ ಕೇಳಿಸುತ್ತೆ. ಸ್ವಲ್ಪ ಓದಿ ಹೇಳ್ತೀರಾ? ಮೊದಲನೇ ದಿನದಿಂದ.”

ಅವಳು ಕುರ್ಚಿ ಎಳೆದುಕೊಂಡು ಕೂತು, ಮೊದಲ ಸಾಲಿನ ಮೇಲೆ ಬೆರಳಿಟ್ಟು ಓದತೊಡಗಿದಳು.