ಬಂಗಾರದಂಥ ಸೊಸೆಗೆ ಏನಾಗಿತ್ತು?

ಶಹಾಪುರದ ಕಡೆಯ ಒಂದು ಊರು. ಅಲ್ಲಿ ಬಳೆ ವ್ಯಾಪಾರದ ಮಮ್ತಾಜಳಿಗೆ ಒಂದೇ ಚಿಂತೆ, ಅದು ಮಾವ ಸರದಾರಸಾಬನದು. ಮುದುಕನಿಗೆ ಎಪ್ಪತ್ತೆಂಟು. ಪ್ರತಿ ಗುರುವಾರ ಖಬರಸ್ತಾನಕ್ಕೆ ಹೋಗಿ, ತೀರಿಕೊಂಡ ಹೆಂಡತಿಯ ಗೋರಿಯ ಮುಂದೆ ಕೂತು, ವಾರದ ಸುದ್ದಿಯನ್ನೆಲ್ಲ ಗಟ್ಟಿಯಾಗಿ ಹೇಳಿ ಬರುತ್ತಿದ್ದ. ಯಾರ ಎಮ್ಮೆ ಈಯಿತು, ಯಾರ ಮದುವೆ ಮುರಿಯಿತು, ಈ ಸಲ ಹಸಿರು ಬಳೆ ಹೋಯಿತೋ ಕೆಂಪು ಹೋಯಿತೋ, ಒಂದನ್ನೂ ಬಿಡುತ್ತಿರಲಿಲ್ಲ. ದಾರಿಹೋಕರು ನಗುತ್ತಿದ್ದರು. ಮಮ್ತಾಜಳಿಗೆ ನಾಚಿಕೆಯಿಂದ ಮುಖ ಎಲ್ಲಿಡಬೇಕೋ ತಿಳಿಯುತ್ತಿರಲಿಲ್ಲ.

ಸೊಸೆ ಆಸ್ಮಾಳ ಬಗ್ಗೆ ಮಾತ್ರ ಆಕೆಗೆ ಎಲ್ಲಿಲ್ಲದ ಹೆಮ್ಮೆ. ಮೊದಲು ಆ ಹುಡುಗಿಯದು ಬಾಯಿ ಜೋರು. ಅತ್ತೆ ಒಂದಂದರೆ ಎರಡನ್ನುವವಳು. ಈಗ ಎರಡು ತಿಂಗಳಿಂದ ತುಟಿ ಪಿಟಕ್ಕೆನ್ನುವುದಿಲ್ಲ. ಬೈದರೂ ತಲೆ ತಗ್ಗಿಸಿ ನಿಲ್ಲುತ್ತಾಳೆ. ಹೊಸ ಸೊಸೆಗೆ ಇಂಥ ಶರಮು, ನಾಚಿಕೆ ಇರಬೇಕು ಎಂದು ಓಣಿಯ ಹಿರಿಯರೂ ಹೊಗಳಿದರು. "ತಿದ್ದಿ ತಿದ್ದಿ ಬಂಗಾರ ಮಾಡೀನಿ ನೋಡ್ರಿ" ಎಂದು ಮಮ್ತಾಜ ಕಂಡಕಂಡವರಿಗೆ ಹೇಳಿಕೊಂಡು ತಿರುಗಿದಳು. ಅಯ್ಯೋ ಮಾರಾಯ್ತಿ, ಏನು ನೋಡಿದಳೋ ಏನೋ!

ಒಂದು ಬೆಳಿಗ್ಗೆ ಊರಿನ ಆಶಾ ಕಾರ್ಯಕರ್ತೆ ಮಲಕಮ್ಮ ಓಣಿಗೆ ಬಂದಾಗ ಮಮ್ತಾಜ ಆಕೆಯನ್ನು ಅಂಗಳಕ್ಕೆ ಕರೆದಳು.

"ಮಲಕಮ್ಮಾ, ನಮ್ಮ ಮಾವನ ತಲಿ ಕೆಟ್ಟದವ್ವ. ಸತ್ತವರ ಜೋಡಿ ಮಾತಾಡ್ತಾರ. ತಾಲೂಕಾ ದವಾಖಾನಿಗೆ ಹುಚ್ಚರ ಡಾಕ್ಟರ್ ಬರ್ತಾರಂತಲ್ಲ, ಇವರ ಹೆಸರು ಬರಸು."

"ಮೊದಲ ಆ ಮಾತು ಬಿಡ್ರಿ ಮಮ್ತಾಜಕ್ಕ. ಅವರು ಮನಸ್ಸಿನ ಡಾಕ್ಟರ್. ಮಂದಿಗಿಂತ ಬ್ಯಾರೆ ಥರ ನಡಕೊಂಡ್ರ ಅದೊಂದರಿಂದನ ಬ್ಯಾನಿ ಅನ್ನಾಕ ಬರಲ್ರಿ. ನಾಲ್ಕು ಮಾತು ಕೇಳ್ತೀನಿ, ನೀವ ಹೇಳ್ರಿ. ಮೊದಲಿದ್ದಂಗ ಅದಾರೋ, ಈಗೀಗ ಬದಲಾಗ್ಯಾರೋ?"

"ಹನ್ನೊಂದು ವರ್ಷದಿಂದ ಹಿಂಗ ಅದಾರ."

"ಊಟ, ನಿದ್ದಿ, ಕೆಲಸ ಕೆಟ್ಟದೇನು?"

"ಮೂರು ರೊಟ್ಟಿ ತಿಂತಾರ. ಗೊರಕಿಗೆ ಮನಿ ನಡುಗ್ತದ. ವಡಗೇರಾ ಊರಿಗೆ ಬಳಿ ಗಂಟು ಹೊತ್ಕೊಂಡು ಹೋಗ್ತಾರ."

"ಅವರ ಜೀವಕ್ಕ ಸಂಕಟ ಅದ ಏನು?"

"ಗೋರಿಯಿಂದ ಬಂದು ಖುಷಿಲೆ ಚಹಾ ಕೇಳ್ತಾರ."

"ತಮಗರ ಮಂದಿಗರ ಅಪಾಯ?"

"ಇರುವಿ ಸುದ್ದಾ ತುಳಿಯಲ್ಲ ಅವರು."

ಮಲಕಮ್ಮ ಕಟ್ಟೆಯ ಮೇಲಿದ್ದ ಮುದುಕನ ಕಡೆ ತಿರುಗಿದಳು. "ಅಜ್ಜಾ, ಗೋರಿಯಿಂದ ಅಜ್ಜಿ ದನಿ ಕೇಳಸ್ತದೇನ್ರಿ?"

"ಜೀವಂತ ಇದ್ದಾಗನ ಆಕಿ ನನಗ ಜವಾಬು ಕೊಡ್ತಿದ್ದಿಲ್ಲ, ಈಗ ಎಲ್ಲಿ ಕೊಡ್ತಾಳ!" ಸರದಾರಸಾಬ ನಕ್ಕ. "ಹೇಳಿದ್ರ ಎದಿ ಹಗುರ ಆಗ್ತದ, ಅಷ್ಟ." ಆಮೇಲೆ ನಗು ನಿಲ್ಲಿಸಿ ಅಂದ, "ಅವ್ವಾ, ಇದ ನಾಲ್ಕು ಸವಾಲು ನಮ್ಮ ಆಸ್ಮಾಂದೂ ಕೇಳು."

"ಆಕಿಗೇನಾಗ್ಯದ? ಬಂಗಾರ ಇದ್ದಂಗ ಅದಾಳ!" ಎಂದಳು ಮಮ್ತಾಜ.

"ಮೊದಲಿದ್ದಂಗ ಅದಾಳೇನ್ರಿ?" ಮಲಕಮ್ಮ ಕೇಳಿಯೇಬಿಟ್ಟಳು.

ಮಮ್ತಾಜ ಒಂದೊಂದಾಗಿ ನೆನೆಸಿಕೊಂಡಳು. ಮೊದಲಾದರೆ ಆಸ್ಮಾ ಹರಟುತ್ತಲೇ ಬಳೆ ತೊಡಿಸುವಳು, ತೊಡಿಸಿಕೊಂಡವರಿಗೆ ನೋವೇ ತಿಳಿಯುತ್ತಿರಲಿಲ್ಲ. ಹೋದ ವಾರ ಎರಡು-ಆರರ ಅಳತೆಯ ಕೈಗೆ ಅದಕ್ಕಿಂತ ಸಣ್ಣ ಎರಡು-ನಾಲ್ಕರ ಬಳೆ ಒತ್ತಿದ್ದಳು. ಬಳೆ ಒಡೆದು ಗಿರಾಕಿಯ ಕೈಗೆ ರಕ್ತ ಬಂದರೂ ಸುಮ್ಮನೆ ನೋಡುತ್ತ ಕೂತಿದ್ದಳು. ಊಟ? ಅರ್ಧ ರೊಟ್ಟಿಗೆ ತಾಟು ಸರಿಸುತ್ತಾಳೆ. ನಿದ್ದೆ? ತಾನು ನಮಾಜಿಗೆ ಏಳುವಾಗ ಅವಳ ಕಣ್ಣು ತೆರೆದೇ ಇರುತ್ತದೆ. ಒಂದೊಂದು ಉತ್ತರ ಹೇಳುತ್ತ ಹೇಳುತ್ತ ಮಮ್ತಾಜಳ ದನಿ ಇಳಿಯಿತು. ನಾಲ್ಕನೆಯದು, ಅಪಾಯದ ಮಾತು ಬಂದಾಗ "ಆಕಿನ್ನ ಕೇಳವ್ವ" ಎಂದಳು.

ಮಲಕಮ್ಮ ಒಳಗೆ ಹೋಗಿ ಆಸ್ಮಾಳ ಪಕ್ಕ ಕೂತಳು. "ಜೀವನಾ ಬ್ಯಾಡ ಅನಸ್ತದೇನವ್ವ?" ಎಂದು ನೇರವಾಗಿ ಕೇಳಿದಳು. ಹಾಗೆ ಕೇಳಿದರೆ ಇಲ್ಲದ ವಿಚಾರ ತಲೆಗೆ ಹೊಕ್ಕೀತು ಎಂದು ಜನ ಹೆದರುತ್ತಾರೆ. ಹಾಗೇನೂ ಇಲ್ಲ. ಕೇಳಿದರೆ ಕಟ್ಟಿದ ಬಾಯಿ ಬಿಚ್ಚುತ್ತದೆ.

ಆಸ್ಮಾ ಬಿಕ್ಕಿ ಬಿಕ್ಕಿ ಅತ್ತಳು. "ಹೌದ್ರಿ. ದಿನಾ ಅನಸ್ತದ. ನಾ ಇಲ್ಲಂದ್ರ ಎಲ್ಲಾರಿಗೂ ಚಲೋ."

ಬಾಗಿಲಲ್ಲಿದ್ದ ಮಮ್ತಾಜ ಒಳಗೆ ಓಡಿ ಬಂದಳು. "ಯಾ ಅಲ್ಲಾ! ಇದನ್ನ ನಾ ಶರಮು ಅಂತ ತಿಳದೆನಲ್ಲ!" ಸೊಸೆಯನ್ನು ತಬ್ಬಿಕೊಂಡು ತಾನೂ ಅತ್ತಳು. ಸ್ವಲ್ಪ ಹೊತ್ತಿಗೆ ಹಳೆಯ ಅಂಜಿಕೆ ಎದ್ದಿತು. "ದವಾಖಾನಿಗಂದ್ರ ಮಂದಿ ಏನಂತಾರ? ಮೊದಲ ಹರಕಿ ಹೊತ್ತು ಕೊಡೇಕಲ್ಲಿನ ದೇವರಿಗೆ ಹೋಗಿ ಬರೋಣೇನು?"

"ಹೋಗಿ ಬರ್ರಿ, ಯಾರು ಬ್ಯಾಡಂದ್ರು? ಆದ್ರ ಇವತ್ತ ದವಾಖಾನಿ. ಆಕಿನ್ನ ಒಬ್ಬಾಕಿನ್ನ ಬಿಡಬ್ಯಾಡ್ರಿ."

ಆಸ್ಮಾಳ ಗಂಡ ಹಾಶಿಮ ಕೆಲಸ ಬಿಟ್ಟು ಬಂದ. ಅವನು, ಮಮ್ತಾಜ, ಮಲಕಮ್ಮ ಮೂವರೂ ಆಸ್ಮಾಳ ಜೊತೆ ತಾಲೂಕಾ ದವಾಖಾನೆಗೆ ಹೋದರು. ಡಾಕ್ಟರು ಮುಖ ನೋಡಿ ರೋಗದ ಹೆಸರು ಹೇಳಲಿಲ್ಲ. ಆಸ್ಮಾಳನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳಿದರು, ಮನೆಯವರನ್ನೂ ಕೇಳಿದರು. ರಕ್ತ ಕಡಿಮೆಯಾದರೂ ಥೈರಾಯ್ಡ್ ಏರುಪೇರಾದರೂ ಹೀಗಾಗಬಹುದೆಂದು ರಕ್ತ ಪರೀಕ್ಷೆ ಮಾಡಿಸಿದರು. ಎಲ್ಲ ನೋಡಿದ ಮೇಲೆಯೇ ಅಂದರು, "ಇದು ಖಿನ್ನತೆ. ಹಟವಲ್ಲ, ಮಾಟವಲ್ಲ, ಕಾಯಿಲೆ. ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು. ನಡುವೆ ಬಿಡಬೇಡಿ, ಬಂದು ಮಾತಾಡ್ತಾ ಇರಿ."

ಎರಡು ವಾರ ಏನೂ ಕಾಣಲಿಲ್ಲ. "ಸುಳ್ಳ ಮಾತ್ರಿ!" ಎಂದು ಮಮ್ತಾಜ ಗೊಣಗಿದಾಗ ಮಲಕಮ್ಮ ಗದರಿ ಸುಮ್ಮನಾಗಿಸಿದಳು. ಏಳನೇ ವಾರದ ಒಂದು ಬೆಳಿಗ್ಗೆ ಮಮ್ತಾಜ ಎಂದಿನಂತೆ ಕೂಗಿದಳು, "ಇನ್ನೂ ಅಂಗಳ ಕಸ ಹೊಡದಿಲ್ಲೇನ?"

ಒಳಗಿನಿಂದ ಆಸ್ಮಾಳ ದನಿ ಬಂತು. "ಎರಡು ಕೈಯಾಗ ಎಷ್ಟಂತ ಮಾಡ್ಲಿ? ನಿಮ್ಮ ಕೈಗೇನು ಮೆಹಂದಿ ಹಚ್ಚೀರೇನು?"

ಮಮ್ತಾಜ ಚಪ್ಪಲಿಯನ್ನೂ ಮೆಟ್ಟದೆ ಓಣಿಗೆ ಓಡಿದಳು. "ಮಲಕಮ್ಮಾ, ಬಾರವ್ವ! ನಮ್ಮ ಸೊಸಿ ನನಗ ಬೈದ್ಲ!" ಕಣ್ಣೀರು ಒರೆಸಿಕೊಳ್ಳುತ್ತ ನಗುತ್ತಿದ್ದಳು.

ಅಕ್ಕಂದಿರೇ, ಅಣ್ಣಂದಿರೇ, ಬೇರೆ ಥರ ಇದ್ದವರೆಲ್ಲ ರೋಗಿಗಳಲ್ಲ. ಸುಮ್ಮನಿದ್ದವರೆಲ್ಲ ಆರಾಮಾಗಿಯೂ ಇಲ್ಲ. ಮೊದಲಿನಂತಿಲ್ಲವೇ? ಊಟ, ನಿದ್ದೆ, ಕೆಲಸ ವಾರಗಟ್ಟಲೆ ಕೆಟ್ಟಿದೆಯೇ? ಒಳಗೇ ಸಂಕಟಪಡುತ್ತಿದ್ದಾರೆಯೇ? ಜೀವಕ್ಕೆ ಅಪಾಯವಿದೆಯೇ? ಇಷ್ಟು ನೋಡುವುದು ನಮ್ಮ ಕೆಲಸ, ರೋಗಕ್ಕೆ ಹೆಸರಿಡುವುದು ಡಾಕ್ಟರ ಕೆಲಸ. ಆಶಾ ಅಕ್ಕನನ್ನು ಕೇಳಿ, ಇಲ್ಲವೇ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಅದಕ್ಕೆ ದುಡ್ಡಿಲ್ಲ, ಯಾವ ಹೊತ್ತಿನಲ್ಲಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಮನೆಯಲ್ಲೂ ಯಾರಾದರೂ ಇತ್ತೀಚೆಗೆ ತೀರಾ ಸುಮ್ಮನಾಗಿದ್ದರೆ ಹೊಗಳಬೇಡಿ. ಇವತ್ತೇ ಪಕ್ಕದಲ್ಲಿ ಕೂತು ಕೇಳಿ.